ಮುಂದಿನ ಸೀಟಿನಲ್ಲಿ ಕೂತವರು

ಹೋದ ವರ್ಷ ಅಪ್ಪ, ಅಮ್ಮ ಆರು ತಿಂಗಳ ಮಟ್ಟಿಗೆ ನಮ್ಮಲ್ಲಿಗೆ ಬಂದಿದ್ದರು. ನಾವಿರುವುದು ಮಿಶಿಗನ್‌ನಲ್ಲಿ, ಡೆಟ್ರಾಯ್ಟ್ ಪಕ್ಕ. ಊರಿಂದ ಅಪ್ಪ ಅಮ್ಮ ಬಂದರೆ ಇಲ್ಲಿನ ಕನ್ನಡದವರೆಲ್ಲ ಸುತ್ತಾಡಿಸುವ ಜಾಗಗಳು ಹೆಚ್ಚುಕಮ್ಮಿ ಒಂದೇ. ನಯಾಗರಾ, ಟ್ರಾಯ್‌ನ ಭಾರತೀಯ ಟೆಂಪಲ್, ಎರಡು ದಿನ ಶಿಕಾಗೋ, ಆಮೇಲೆ ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಂ. ಅಪ್ಪನಿಗೆ ನಯಾಗರಾ ತುಂಬಾ ಹಿಡಿಸಿತು. ಶಿಕಾಗೋದಲ್ಲಿ ನಡೆದು ನಡೆದು ಕಾಲು ನೋವು ಬಂತು. ಮ್ಯೂಸಿಯಂನಲ್ಲಿ ಮಾತ್ರ ಅವರು ಒಂದು ಪ್ರಶ್ನೆ ಕೇಳಿದರು, ನನ್ನ ಹತ್ತಿರ ಉತ್ತರ ಇರಲಿಲ್ಲ. ಅಂದಿನಿಂದ ಅದು ತಲೆಯಲ್ಲಿ ಕೊರೆಯುತ್ತಲೇ ಇದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅಲ್ಲಿ ಅಮೆರಿಕದ ಅಧ್ಯಕ್ಷರು ಓಡಾಡಿದ ಗಾಡಿಗಳನ್ನು ಇಟ್ಟಿದ್ದಾರೆ. ಥಿಯೋಡರ್ ರೂಸ್‌ವೆಲ್ಟ್ ಕಾಲದ 1902ರ ಕುದುರೆ ಗಾಡಿ ಇದೆ. ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ 1939ರ ಲಿಂಕನ್ ಇದೆ, ‘ಸನ್‌ಶೈನ್ ಸ್ಪೆಷಲ್’ ಅಂತ ಅದರ ಹೆಸರು. 1950ರ ಲಿಂಕನ್ ಕಾಸ್ಮೊಪಾಲಿಟನ್ ಇದೆ. ಆಮೇಲೆ ಎಲ್ಲರೂ ಹುಡುಕಿಕೊಂಡು ಬರುವ ಗಾಡಿ, 1961ರ ಲಿಂಕನ್ ಕಾಂಟಿನೆಂಟಲ್. ಕೆನಡಿಯವರಿಗೆ ಡಲ್ಲಾಸ್‌ನಲ್ಲಿ ಗುಂಡು ಬಿದ್ದಾಗ ಅವರು ಕೂತಿದ್ದ ಕಾರು. ಕಪ್ಪಗೆ, ಉದ್ದಕ್ಕೆ, ಮಿರಮಿರ ಮಿಂಚುತ್ತಾ ನಿಂತಿದೆ. ನಮ್ಮ ಜೊತೆ ಇದ್ದವರೆಲ್ಲ ಹಿಂದಿನ ಸೀಟಿನ ಹತ್ತಿರ ಗುಂಪು ಕಟ್ಟಿದ್ದರು. ನಾನೂ ಅಲ್ಲೇ. ಮಗಳು ಬಂದು, ‘ತಾತ ಎಲ್ಲಿ?’ ಅಂದಳು. ತಿರುಗಿ ನೋಡಿದರೆ ಅಪ್ಪ ಒಬ್ಬರೇ ಮುಂದಿನ ಬಾಗಿಲ ಹತ್ತಿರ, ಎರಡೂ ಕೈ ಮಂಡಿ ಮೇಲೆ ಊರಿ, ಬಗ್ಗಿ ಸ್ಟೇರಿಂಗ್ ನೋಡುತ್ತಾ ನಿಂತಿದ್ದರು.

‘ಇದನ್ನ ಓಡಿಸ್ತಿದ್ದೋರು ಯಾರೋ?’ ಅಂದರು.

ಕೆನಡಿಯನ್ನು ಕೊಂದವನ ಹೆಸರು ನನಗೆ ಗೊತ್ತಿತ್ತು. ಅವನನ್ನು ಕೊಂದವನ ಹೆಸರೂ ಗೊತ್ತಿತ್ತು. ಅವರ ಹೆಂಡತಿ ಜಾಕಿ ಕೆನಡಿ ಅವತ್ತು ಉಟ್ಟಿದ್ದ ಬಟ್ಟೆಯ ಬಣ್ಣ ಗೊತ್ತಿತ್ತು. ಗಾಡಿ ಓಡಿಸಿದವರು ಯಾರು ಅಂತ ಗೊತ್ತಿರಲಿಲ್ಲ. ಯಾವತ್ತೂ ಕೇಳಿಕೊಂಡಿರಲಿಲ್ಲ, ಅದೂ ಡ್ರೈವರ್ ಮಗನಾಗಿ.

ಬಿಳಿ ಅಂಬಾಸಿಡರ್

ಅಪ್ಪ ಮೈಸೂರಿನಲ್ಲಿ 31 ವರ್ಷ ಸರ್ಕಾರಿ ಗಾಡಿ ಓಡಿಸಿದವರು. ಅದರಲ್ಲಿ ಜಾಸ್ತಿ ವರ್ಷ ಬಿಳಿ ಅಂಬಾಸಿಡರ್. ಸ್ಟೇರಿಂಗ್ ಪಕ್ಕದಲ್ಲೇ ಗೇರ್, ಹಿಂದಿನ ಸೀಟಿಗೆ ಬಿಳಿ ಟರ್ಕಿ ಟವೆಲ್, ಕಿಟಕಿಗೆ ಕರ್ಟನ್, ಡಿಕ್ಕಿಯಲ್ಲಿ ರೇಡಿಯೇಟರ್‌ಗೆ ಅಂತ ಐದು ಲೀಟರಿನ ಕ್ಯಾನಿನಲ್ಲಿ ನೀರು. ಆ ಟವೆಲ್ ಒಗೆಯುವುದು ಅಮ್ಮನ ಕೆಲಸ. ಸೋಮವಾರಕ್ಕೊಂದು, ಗುರುವಾರಕ್ಕೊಂದು. ಆಯುಧ ಪೂಜೆ ದಿನ ಮಾತ್ರ ಗಾಡಿ ನಮ್ಮದು ಅನ್ನಿಸುತ್ತಿತ್ತು. ಬಾನೆಟ್‌ಗೆ ಚೆಂಡು ಹೂವಿನ ಹಾರ, ಎರಡು ಕಡೆ ಬಾಳೆಕಂದು, ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು. ಆಫೀಸಿನ ಅಂಗಳದಲ್ಲಿ ಸಾಲಾಗಿ ನಿಂತ ಗಾಡಿಗಳಲ್ಲಿ ಅಪ್ಪನದು ಯಾವುದು ಅಂತ ನಂಬರ್ ನೋಡದೆಯೇ ಹೇಳಬಹುದಿತ್ತು, ಅಷ್ಟು ಹೊಳೆಯುತ್ತಿತ್ತು.

ಅವರ ಹತ್ತಿರ ಒಂದೇ ಒಂದು ನಿಯಮ. ಹಿಂದೆ ಕೂತವರಿಗೆ ಬ್ರೇಕ್ ಹಾಕಿದ್ದು ಗೊತ್ತಾಗಬಾರದು. ಒಬ್ಬ ಸಾಹೇಬರು ದಾರಿಯುದ್ದಕ್ಕೂ ಫೈಲುಗಳಿಗೆ ಇಂಕ್ ಪೆನ್ನಲ್ಲಿ ಸೈನ್ ಹಾಕುತ್ತಿದ್ದರಂತೆ. ಒಂದು ಸೈನೂ ಅಲುಗಾಡಿದ್ದಿಲ್ಲ ಅಂತ ಅಪ್ಪ ಈಗಲೂ ಹೇಳುತ್ತಾರೆ. ಅದು ಅವರಿಗೆ ಸಿಕ್ಕ ಸರ್ಟಿಫಿಕೇಟ್.

ಹಾಗಾಗಿ ಆ ಲಿಂಕನ್ ನೋಡಿದಾಗ ಅಪ್ಪನ ಕಣ್ಣು ಮುಂದಿನ ಸೀಟಿಗೆ ಹೋಗಿದ್ದು ಸಹಜವೇ. ಇಷ್ಟು ಉದ್ದದ ಗಾಡಿ, ತಿರುವಿನಲ್ಲಿ ಹೇಗೆ ತಿರುಗಿಸುತ್ತಿದ್ದರು ಅಂದರು. ಕಂಪನಿಯಿಂದ ಬಂದ ಮಾಮೂಲಿ ಲಿಂಕನ್ ಅನ್ನು ಓಹಾಯೋದ ಸಿನ್ಸಿನಾಟಿಯಲ್ಲಿ ಹೆಸ್ ಅಂಡ್ ಐಸನ್‌ಹಾರ್ಟ್ ಅನ್ನುವವರು ನಡುವೆ ಕತ್ತರಿಸಿ ಮೂರೂವರೆ ಅಡಿ ಜಾಸ್ತಿ ಮಾಡಿದ್ದರು ಅಂತ ಹೇಳಿದೆ. ಹಿಂದಿನ ಸೀಟು ಬಟನ್ ಒತ್ತಿದರೆ ಮೇಲೇಳುತ್ತಿತ್ತು, ಹತ್ತು ಇಂಚಿನ ಮೇಲೆ, ರಸ್ತೆ ಬದಿಯ ಜನಕ್ಕೆ ಅಧ್ಯಕ್ಷರು ಚೆನ್ನಾಗಿ ಕಾಣಲಿ ಅಂತ. ಗಾಡಿ ಸರ್ಕಾರದ್ದೂ ಅಲ್ಲ, ಫೋರ್ಡ್ ಕಂಪನಿಯದು, ವರ್ಷಕ್ಕೆ 500 ಡಾಲರ್ ಬಾಡಿಗೆಗೆ ಕೊಟ್ಟಿದ್ದರು. ‘ಬಾಡಿಗೆ ಗಾಡಿನಾ!’ ಅಂತ ಅಪ್ಪ ಅಮ್ಮನ ಕಡೆ ನೋಡಿದರು.

ಆಮೇಲೆ ಮೇಲೆ ನೋಡಿ, ‘ಫೋಟೋದಲ್ಲಿ ಟಾಪ್ ಇರಲಿಲ್ವಲ್ಲ?’ ಅಂದರು. ನಿಜ. ಅವತ್ತು ಡಲ್ಲಾಸ್‌ನಲ್ಲಿ ಬೆಳಗಿನ ಮಳೆ ನಿಂತು ಬಿಸಿಲು ಬಂದಿತ್ತು, ಅದಕ್ಕೆ ಪ್ಲಾಸ್ಟಿಕ್ ಟಾಪ್ ತೆಗೆದಿದ್ದರು. ಅದನ್ನು ಹಾಕಿದ್ದರೂ ಅದು ಗುಂಡು ತಡೆಯುವಂಥದ್ದಲ್ಲ. ಗಾಡಿಯ ಬಣ್ಣವೂ ಆಗ ಕಡು ನೀಲಿ. ಈಗ ನೋಡುತ್ತಿರುವುದು ಆಮೇಲೆ ರಿಪೇರಿ ಮಾಡಿದ್ದು. ಉಕ್ಕಿನ ಹಲಗೆ, ಗುಂಡು ತಡೆಯುವ ಗಾಜು, ತೆಗೆಯಲಾಗದ ಟಾಪ್ ಎಲ್ಲ ಸೇರಿಸಿ 1964ರಲ್ಲಿ ಮತ್ತೆ ರಸ್ತೆಗೆ ತಂದರು. ಆಮೇಲಿನ ಅಧ್ಯಕ್ಷರು ಜಾನ್ಸನ್, ನಿಕ್ಸನ್, ಫೋರ್ಡ್, ಕಾರ್ಟರ್ ನಾಲ್ಕೂ ಜನ ಅದರಲ್ಲಿ ಓಡಾಡಿದರು, 1977ರವರೆಗೆ.

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ‘ಅಂಥಾ ಗಾಡೀನ ಮತ್ತೆ ಓಡಿಸಿದ್ರಾ? ಒಂದು ಶಾಂತಿ ಗೀಂತಿ ಏನೂ ಇಲ್ದೆ?’ ಅಂದರು. ಅಮ್ಮ ಸೆರಗಿನ ತುದಿ ಬಾಯಿಗೆ ಹಿಡಿದು ಆ ಕಡೆ ತಿರುಗಿದರು. ನಮ್ಮಲ್ಲಿ ಒಂದು ಲಾರಿಗೆ ಆಕ್ಸಿಡೆಂಟ್ ಆದರೆ ನಿಂಬೆಹಣ್ಣು, ಕುಂಬಳಕಾಯಿ ಒಡೆಯದೆ ಗಾಡಿ ಎತ್ತುವುದಿಲ್ಲ, ಅಲ್ವಾ. ಅಧ್ಯಕ್ಷರ ರಕ್ತ ಬಿದ್ದ ಗಾಡಿಯಲ್ಲಿ ಇನ್ನೊಬ್ಬ ಡ್ರೈವರ್ ಹೋಗಿ ಕೂತು ಕೀ ತಿರುಗಿಸಬೇಕಲ್ಲ, ಆ ಮೊದಲನೇ ದಿನ ಅವನಿಗೆ ಹೇಗಾಗಿರಬೇಡ ಅಂತ ನನಗೂ ಆವಾಗಲೇ ಹೊಳೆದಿದ್ದು.

ನಡಿಗೆಯ ವೇಗ

ಈ ದೊಡ್ಡವರ ಗಾಡಿಗಳ ವಿಷಯದಲ್ಲಿ ಒಂದು ಮಾತು ನಾವು ಮರೆಯುತ್ತೇವೆ. ಇವು ವೇಗಕ್ಕೆ ಮಾಡಿದ ಗಾಡಿಗಳಲ್ಲ. ನಿಧಾನಕ್ಕೆ ಮಾಡಿದ ಗಾಡಿಗಳು. ಜನ ನಡೆಯುವ ವೇಗದಲ್ಲಿ, ಜರ್ಕ್ ಇಲ್ಲದೆ, ಗಂಟೆಗಟ್ಟಲೆ ಹೋಗಬೇಕು. ಓಡಿಸುವವರನ್ನು ಕೇಳಿ, ಅದರಷ್ಟು ಕಷ್ಟ ಯಾವುದೂ ಇಲ್ಲ. ಗಾಡಿ ಓಡುತ್ತಿದ್ದರೆ ರೇಡಿಯೇಟರ್‌ಗೆ ಎದುರು ಗಾಳಿ ಸಿಗುತ್ತದೆ, ಇಂಜಿನ್ ತಣ್ಣಗಿರುತ್ತದೆ. ಮೆರವಣಿಗೆಯಲ್ಲಿ ಗಾಳಿಯೇ ಇಲ್ಲ. ಬಿಸಿಲು, ಜನ, ಹಾಫ್ ಕ್ಲಚ್. ಹಾಫ್ ಕ್ಲಚ್‌ನಲ್ಲಿ ಹೆಚ್ಚು ಹೊತ್ತು ಹೋದರೆ ಕ್ಲಚ್ ಪ್ಲೇಟ್ ಸುಟ್ಟ ವಾಸನೆ, ಎಡಗಾಲು ನಡುಗಲು ಶುರು. ಆ ವಾಸನೆ ಮೂಗಿಗೆ ಬಡಿದರೆ ಹಿಂದೆ ಕೂತವರಿಗೂ ಬಡಿಯಿತು ಅಂತಲೇ ಲೆಕ್ಕ. ಅಪ್ಪ ಜಾತ್ರೆಯಲ್ಲಿ ಗಾಡಿ ಓಡಿಸಿ ಮನೆಗೆ ಬಂದ ದಿನ ಎಡ ಮೀನಖಂಡಕ್ಕೆ ಅಮೃತಾಂಜನ ತಿಕ್ಕಿಕೊಂಡು ಮಲಗುತ್ತಿದ್ದರು.

ಹೈದರಾಬಾದಿನಲ್ಲಿ ಕೆಲಸಕ್ಕಿದ್ದಾಗ ಚೌಮಹಲ್ಲಾ ಅರಮನೆಯಲ್ಲಿ ನಿಜಾಮರ 1912ರ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ನೋಡಿದ್ದೆ. ಹಳದಿ ಬಣ್ಣ, ಹಿಂದೆ ಸಿಂಹಾಸನದ ಹಾಗೆ ಎತ್ತರದ ಸೀಟು. ಆರ್ಡರ್ ಕೊಟ್ಟವರು ಆರನೇ ನಿಜಾಮ ಮೆಹಬೂಬ್ ಅಲಿ ಖಾನ್. ಗಾಡಿ ಬರುವ ಮೊದಲೇ, 1911ರಲ್ಲಿ, ಅವರು ತೀರಿಕೊಂಡರು. ಆಮೇಲೆ ಅದು ಎಷ್ಟೋ ವರ್ಷ ನಿಂತೇ ಇತ್ತು, ಹೊರಗೆ ಬಂದಿದ್ದು ದೊಡ್ಡ ಸಮಾರಂಭಗಳಿಗೆ ಮಾತ್ರ. ಆವಾಗ ಆ ಸೀಟಿನ ಕುಸುರಿ ನೋಡಿ ಬಂದಿದ್ದೆ ಅಷ್ಟೇ. ಈಗ ನೆನಪಿಸಿಕೊಂಡರೆ, ಅಷ್ಟು ಎತ್ತರದಲ್ಲಿ ದೊರೆ ಕೂತು, ಅವರ ಕಾಲಿನ ಮಟ್ಟದಲ್ಲಿ ಡ್ರೈವರ್ ತಲೆ ಇರುತ್ತಿತ್ತು ಅನ್ನುವುದು ಕಣ್ಣಿಗೆ ಬರುತ್ತದೆ.

ಮೈಸೂರಿನಲ್ಲಿ ಬೆಳೆದವರೆಲ್ಲ ಮಹಾರಾಜರು ರೋಲ್ಸ್ ರಾಯ್ಸ್‌ಗಳನ್ನು ಏಳೇಳರ ಲೆಕ್ಕದಲ್ಲಿ ತರಿಸುತ್ತಿದ್ದರು ಅನ್ನುವ ಮಾತು ಕೇಳಿಯೇ ಇರುತ್ತೇವೆ. ಧರ್ಮಸ್ಥಳಕ್ಕೆ ಹೋದರೆ ದರ್ಶನ, ಊಟ ಆದ ಮೇಲೆ ಹಳೇ ಕಾರುಗಳ ಮ್ಯೂಸಿಯಂಗೆ ಒಂದು ಸುತ್ತು ಹಾಕಿಯೇ ಬರುತ್ತೇವೆ. ಎಷ್ಟು ಸಿಲಿಂಡರ್, ಎಷ್ಟು ಬೆಲೆ, ಯಾವ ರಾಜ, ಯಾವ ಇಸವಿ. ಇದು ಎಲ್ಲರಿಗೂ ಬಾಯಿಪಾಠ. ಅವುಗಳನ್ನು ಬೆಳಿಗ್ಗೆ ನಾಲ್ಕು ಗಂಟೆಗೆ ಎದ್ದು ಒರೆಸಿದವರ ಹೆಸರು ಯಾರ ಬಾಯಲ್ಲೂ ಇಲ್ಲ.

ಯಾರೂ ಹೇಳದೇ ಹೋದ ದಾರಿ

ಆ ರಾತ್ರಿ ಮನೆಗೆ ಬಂದು ಹುಡುಕಲು ಕೂತೆ. ಕೆನಡಿಯ ಡ್ರೈವರ್‌ಗಿಂತ ಮೊದಲು ಸಿಕ್ಕಿದ್ದು ಇನ್ನೊಬ್ಬರು. ಲಿಯೋಪೋಲ್ಡ್ ಲೋಯ್ಕಾ. 1914ರ ಜೂನ್ 28ರಂದು ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜ ಫ್ರಾಂಜ್ ಫರ್ಡಿನಾಂಡ್ ಮತ್ತು ಅವರ ಹೆಂಡತಿ ಸೋಫಿ ಕೂತಿದ್ದ ಗಾಡಿ ಓಡಿಸುತ್ತಿದ್ದವರು. ಗಾಡಿ ಗ್ರಾಫ್ ಅಂಡ್ ಸ್ಟಿಫ್ಟ್ ಕಂಪನಿಯದು, 32 ಕುದುರೆ ಶಕ್ತಿ, ಟಾಪ್ ಮಡಿಸಿ ತೆರೆದಿಟ್ಟಿದ್ದರು. ಬೆಳಿಗ್ಗೆಯೇ ಒಮ್ಮೆ ಬಾಂಬ್ ಎಸೆದಿದ್ದರು. ಅದು ಮಡಿಸಿದ ಟಾಪಿಗೆ ತಗುಲಿ ಕೆಳಗೆ ಬಿದ್ದು ಹಿಂದಿನ ಗಾಡಿಯ ಕೆಳಗೆ ಸಿಡಿಯಿತು. ಟೌನ್ ಹಾಲ್‌ನಲ್ಲಿ ಭಾಷಣ ಎಲ್ಲ ಮುಗಿದ ಮೇಲೆ ಯುವರಾಜ, ಗಾಯಗೊಂಡವರನ್ನು ನೋಡಲು ಆಸ್ಪತ್ರೆಗೆ ಹೋಗೋಣ ಅಂದರು. ದಾರಿ ಬದಲಾಯಿತು. ಊರೊಳಗಿನ ರಸ್ತೆ ಬೇಡ, ನದಿ ದಂಡೆಯಲ್ಲೇ ನೇರ ಹೋಗುವುದು ಅಂತ ತೀರ್ಮಾನ. ಈ ತೀರ್ಮಾನವನ್ನು ಡ್ರೈವರ್‌ಗಳಿಗೆ ಯಾರೂ ಹೇಳಲಿಲ್ಲ.

ಲ್ಯಾಟಿನ್ ಸೇತುವೆ ಹತ್ತಿರ ಮುಂದಿನ ಗಾಡಿ ಬೆಳಗಿನ ಪ್ಲಾನಿನ ಪ್ರಕಾರ ಬಲಕ್ಕೆ ತಿರುಗಿತು. ಲೋಯ್ಕಾ ಅದರ ಹಿಂದೆಯೇ ತಿರುಗಿದರು. ಗಾಡಿಯಲ್ಲಿದ್ದ ಗವರ್ನರ್ ಪೊಟಿಯೊರೆಕ್, ಇದು ದಾರಿಯಲ್ಲ, ನಿಲ್ಲಿಸು ಅಂತ ಕೂಗಿದರು. ಲೋಯ್ಕಾ ಬ್ರೇಕ್ ಹಾಕಿದರು. ಗಾಡಿ ನಿಂತ ಜಾಗದಲ್ಲಿ, ನಾಲ್ಕೈದು ಅಡಿ ದೂರದಲ್ಲಿ, 19 ವರ್ಷದ ಗವ್ರಿಲೊ ಪ್ರಿನ್ಸಿಪ್ ನಿಂತಿದ್ದ. ಎರಡು ಗುಂಡು. ಗಂಡ ಹೆಂಡತಿ ಇಬ್ಬರೂ ಉಳಿಯಲಿಲ್ಲ. ಮುಂದಿನ ಮಹಾಯುದ್ಧದ ಕಥೆ ಎಲ್ಲರಿಗೂ ಗೊತ್ತಿರುವುದೇ.

ಆ ಗಾಡಿ ಶಾಪಗ್ರಸ್ತ, ಆಮೇಲೆ ಕೊಂಡವರೆಲ್ಲ ಸತ್ತರು ಅಂತ ವಾಟ್ಸಾಪ್‌ನಲ್ಲಿ ಆಗಾಗ ಬರುತ್ತಿರುತ್ತದೆ. ಸುಳ್ಳು. ಆಮೇಲೆ ಯಾರೂ ಕೊಂಡಿಲ್ಲ. ಅದೇ ವರ್ಷ ಅದು ವಿಯೆನ್ನಾದ ಸೇನಾ ಮ್ಯೂಸಿಯಂಗೆ ಹೋಯಿತು, ಈಗಲೂ ಅಲ್ಲೇ ಇದೆ. ಗಾಡಿಗೆ ಶಾಪ ಅಂಟಿಸಿದರೆ, ದಾರಿ ಹೇಳದೇ ಬಿಟ್ಟವರ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ. ‘ಡ್ರೈವರ್ ರಾಂಗ್ ಟರ್ನ್ ತಗೊಂಡ, ಮಹಾಯುದ್ಧ ಆಯ್ತು’ ಅಂತ ಒಂದೇ ಸಾಲಿನಲ್ಲಿ ಮುಗಿಸುವುದನ್ನು ನಾನೇ ಎಷ್ಟೋ ಕಡೆ ಓದಿದ್ದೇನೆ. ಈ ಸಲ ಓದುವಾಗ ಸಿಟ್ಟು ಬಂತು.

ಸಿಟ್ಟಿಗೆ ಕಾರಣ ಇದೆ. ನಾನು ಆರನೇ ಕ್ಲಾಸಿನಲ್ಲಿದ್ದೆ. ಚಾಮರಾಜನಗರದ ಕಡೆ ಯಾವುದೋ ಕಾರ್ಯಕ್ರಮ, ಐದಾರು ಗಾಡಿಗಳು ಸಾಲಾಗಿ ಹೊರಟಿದ್ದವು. ಅಪ್ಪನದು ಕೊನೆಯದು. ದಾರಿಯಲ್ಲಿ ಪ್ರೋಗ್ರಾಂ ಬದಲಾಯಿತು, ಮೊದಲು ಇನ್ನೊಂದು ಕಡೆ ಹೋಗಬೇಕು ಅಂತ. ಮುಂದಿನವರಿಗೆ ಗೊತ್ತು, ಅಪ್ಪನಿಗೆ ಗೊತ್ತಿಲ್ಲ. ನಡುವೆ ಒಂದು ಎತ್ತಿನ ಗಾಡಿ ಅಡ್ಡ ಬಂದು ಮುಂದಿನ ಗಾಡಿಗಳು ಕಣ್ಣಿಗೆ ಕಾಣದಾದವು. ಸರ್ಕಲ್‌ನಲ್ಲಿ ಅಪ್ಪ ಬೆಳಿಗ್ಗೆ ಹೇಳಿದ ದಾರಿಯಲ್ಲೇ ಹೋದರು. ಹಿಂದೆ ಕೂತ ಸಾಹೇಬರಿಗೆ ಎಚ್ಚರವಾಗಿ ನೋಡುವಷ್ಟರಲ್ಲಿ ಎರಡು ಮೈಲಿ ಆಗಿತ್ತು. ಅಲ್ಲಿ ರಸ್ತೆ ಮಧ್ಯ ಗಾಡಿ ನಿಲ್ಲಿಸಿ, ಟೀ ಅಂಗಡಿಯ ಜನರೆದುರು ಬೈದರಂತೆ. ಇದೆಲ್ಲ ನನಗೆ ತಿಳಿದಿದ್ದು ವರ್ಷಗಳ ಮೇಲೆ, ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ಮಾಮ ಒಬ್ಬರಿಂದ. ಆ ರಾತ್ರಿ ನಾನು ನೋಡಿದ್ದು ಇಷ್ಟು. ಅಪ್ಪ ಗಾಡಿಯನ್ನು ಮನೆ ಹತ್ತಿರವೇ ತಂದಿದ್ದರು. ಬೀದಿ ದೀಪದ ಕೆಳಗೆ ನಿಲ್ಲಿಸಿ ಹಳದಿ ಬಟ್ಟೆಯಲ್ಲಿ ಒರೆಸುತ್ತಿದ್ದರು. ಬಾನೆಟ್ ಒರೆಸಿ, ಬಾಗಿಲು ಒರೆಸಿ, ಮತ್ತೆ ಬಾನೆಟ್‌ಗೆ ಬಂದರು. ಅಮ್ಮ ಎರಡು ಸಲ ಊಟಕ್ಕೆ ಕರೆದರು. ಬಂದೆ ಅಂದರು, ಬರಲಿಲ್ಲ. ನಾನು ಕಿಟಕಿಯಲ್ಲಿ ನೋಡುತ್ತಾ ನಿದ್ದೆ ಹೋದೆ.

ಸರಿಯಾದ ಹೊತ್ತಿಗೆ ಸರಿಯಾಗಿ ಹೇಳಿದರೆ ಏನಾಗುತ್ತದೆ ಅನ್ನುವುದಕ್ಕೂ ಅದೇ ಡಿಯರ್‌ಬಾರ್ನ್ ಮ್ಯೂಸಿಯಂನಲ್ಲಿ ಒಂದು ಗಾಡಿ ಇದೆ. 1972ರ ಲಿಂಕನ್. 1981ರ ಮಾರ್ಚ್ 30ರಂದು ವಾಷಿಂಗ್ಟನ್ನಿನ ಹೋಟೆಲ್ ಒಂದರ ಎದುರು ಆಗಿನ ಅಧ್ಯಕ್ಷ ರೇಗನ್ ಮೇಲೆ ಗುಂಡು ಹಾರಿದಾಗ ನಿಂತಿದ್ದು ಅದೇ. ಒಂದು ಗುಂಡು ಗಾಡಿಯ ಮೈಗೆ ತಗುಲಿ ಚಿಮ್ಮಿ ಅವರ ಎದೆಯೊಳಗೆ ಹೋಯಿತು. ಗುಂಡು ತಡೆಯಲಿ ಅಂತ ಹಾಕಿದ ಉಕ್ಕೇ ಗುಂಡನ್ನು ತಿರುಗಿಸಿಬಿಟ್ಟಿತು. ಗಾಡಿ ಮೊದಲು ಶ್ವೇತಭವನದ ಕಡೆ ಹೊರಟಿತ್ತು. ಒಳಗಿದ್ದ ಭದ್ರತಾ ಅಧಿಕಾರಿ ಜೆರ್ರಿ ಪಾರ್, ರೇಗನ್ ಬಾಯಲ್ಲಿ ರಕ್ತ ಕಂಡ ಕೂಡಲೇ ಆಸ್ಪತ್ರೆಗೆ ತಿರುಗಿಸಲು ಹೇಳಿದರು. ಡ್ರೈವರ್ ತಿರುಗಿಸಿದರು. ಅಧ್ಯಕ್ಷರು ಉಳಿದರು.

ಸೀಟು ಬದಲಾದಾಗ

ಹುಡುಕುತ್ತಾ ಹೋದಂತೆ, ಹಿಂದೆ ಕೂರಬೇಕಾದವರೇ ಮುಂದೆ ಕೂತ ಪ್ರಸಂಗಗಳೂ ಸಿಕ್ಕವು. ರೋಲ್ಸ್ ರಾಯ್ಸ್ ಫ್ಯಾಂಟಮ್ 4 ಅಂತ ಒಂದಿತ್ತು. ರಾಜಮನೆತನ, ರಾಷ್ಟ್ರಗಳ ಮುಖ್ಯಸ್ಥರು, ಅಂಥವರಿಗೆ ಅಂತಲೇ ಮಾಡಿದ್ದು. ಒಟ್ಟು 18 ಗಾಡಿ ಅಷ್ಟೇ. ಮೊದಲನೆಯದು 1950ರಲ್ಲಿ ಆಗಿನ್ನೂ ರಾಜಕುಮಾರಿ ಆಗಿದ್ದ ಎಲಿಜಬೆತ್ ಮನೆಗೆ ಹೋಯಿತು. ಅದಕ್ಕೂ ಐದು ವರ್ಷ ಮೊದಲು, ಯುದ್ಧದ ಕಾಲದಲ್ಲಿ, ಅದೇ ಎಲಿಜಬೆತ್ ಸೈನ್ಯದ ಮಹಿಳಾ ವಿಭಾಗ ಸೇರಿ ಲಾರಿ ಓಡಿಸುವುದು, ಟೈರ್ ಬದಲಿಸುವುದು, ಇಂಜಿನ್ ಬಿಚ್ಚುವುದು ಎಲ್ಲ ಕಲಿತಿದ್ದರು. ಮುಂದೆ ಜೀವಮಾನವೆಲ್ಲ ಹಿಂದಿನ ಸೀಟಿನಲ್ಲಿ ಕೈ ಬೀಸಿದ ಆಕೆಗೆ, ಮುಂದೆ ಕೂತವರ ಕಾಲು ಎಲ್ಲಿದೆ, ಯಾಕಿದೆ ಅಂತ ಗೊತ್ತಿತ್ತು. ಅಪ್ಪನಿಗೆ ಇದನ್ನು ಹೇಳಿದಾಗ, ‘ಹಂಗಾದ್ರೆ ಬೈತಿರಲಿಲ್ಲ ಬಿಡು’ ಅಂದರು.

ಇನ್ನೊಂದು ನಮ್ಮದೇ. ಕೋಲ್ಕತ್ತಾದ ನೇತಾಜಿ ಭವನದಲ್ಲಿ ಒಂದು ವಾಂಡರರ್ ಇದೆ, ಜರ್ಮನಿಯ ಗಾಡಿ. 1941ರ ಜನವರಿ 16ರ ಮಧ್ಯರಾತ್ರಿ ದಾಟಿದ ಮೇಲೆ ಸುಭಾಷ್ ಚಂದ್ರ ಬೋಸರು ಗೃಹಬಂಧನದಿಂದ ತಪ್ಪಿಸಿಕೊಂಡಿದ್ದು ಇದರಲ್ಲೇ. ಓಡಿಸಿದವರು ಅಣ್ಣನ ಮಗ ಶಿಶಿರ್ ಬೋಸ್, ಇನ್ನೂ 21 ತುಂಬಿರಲಿಲ್ಲ. ಬೋಸರು ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಲಿಲ್ಲ, ಕೈಯಲ್ಲಿ ಹಿಡಿದುಕೊಂಡರು. ಶಿಶಿರ್ ತಮ್ಮ ಬಾಗಿಲು ಮಾತ್ರ ಹಾಕಿದರು. ಕೇಳಿಸಿಕೊಂಡವರಿಗೆ ಒಂದೇ ಬಾಗಿಲ ಸದ್ದು, ಹೋದವರು ಒಬ್ಬರೇ ಅಂತ ಅನ್ನಿಸಬೇಕು. ಮರುದಿನ ಹಗಲು ಧನಬಾದ್ ಹತ್ತಿರ ಕಳೆದು, ರಾತ್ರಿ ಗೋಮೋ ಸ್ಟೇಷನ್ನಿನಲ್ಲಿ ಚಿಕ್ಕಪ್ಪನನ್ನು ರೈಲಿಗೆ ಬಿಟ್ಟರು. ಲಿಂಕನ್, ರೋಲ್ಸ್ ರಾಯ್ಸ್ ಎಲ್ಲ ಜನರಿಗೆ ಕಾಣಲಿ ಅಂತ ಮಾಡಿದ ಗಾಡಿಗಳು. ಇದು ಯಾರಿಗೂ ಕಾಣಬಾರದು ಅಂತ ಓಡಿಸಿದ ಗಾಡಿ. ಇದರ ಕಥೆ ಹೇಳುವವರು ಮಾತ್ರ ಡ್ರೈವರ್ ಹೆಸರು ಬಿಡುವುದಿಲ್ಲ. ಮನೆ ಹುಡುಗ ಆಗಿದ್ದಕ್ಕೆ ಇರಬಹುದು, ಆದರೂ ನನಗೆ ಓದಿ ಸಮಾಧಾನವಾಯಿತು.

ಬಿಲ್ ಗ್ರೀರ್

ಅಪ್ಪ ಕೇಳಿದ ಪ್ರಶ್ನೆಯ ಉತ್ತರ, ವಿಲಿಯಂ ಗ್ರೀರ್. ಎಲ್ಲರೂ ಬಿಲ್ ಅನ್ನುತ್ತಿದ್ದರು. ಐರ್ಲೆಂಡಿನಲ್ಲಿ ಹುಟ್ಟಿ, ಹರೆಯದಲ್ಲಿ ಅಮೆರಿಕಕ್ಕೆ ಬಂದು, ಸಾಹುಕಾರರ ಮನೆಗಳಲ್ಲಿ ಡ್ರೈವರ್ ಆಗಿದ್ದು, ಯುದ್ಧದಲ್ಲಿ ನೌಕಾಪಡೆ ಸೇರಿ, ಆಮೇಲೆ ಅಧ್ಯಕ್ಷರ ಭದ್ರತೆ ನೋಡಿಕೊಳ್ಳುವ ಸೀಕ್ರೆಟ್ ಸರ್ವಿಸ್‌ಗೆ ಬಂದವರು. ಡಲ್ಲಾಸ್‌ನಲ್ಲಿ ಕೆನಡಿಗೆ ಗುಂಡು ಬಿದ್ದ ದಿನ, 1963ರ ನವೆಂಬರ್ 22ಕ್ಕೆ, ಅವರಿಗೆ 54 ವರ್ಷ. ಹೂಸ್ಟನ್ ಸ್ಟ್ರೀಟಿನಿಂದ ಎಲ್ಮ್ ಸ್ಟ್ರೀಟಿಗೆ ಎಡಕ್ಕೆ ತಿರುಗುವ ಜಾಗ, ಬರೀ ಅಡ್ಡ ತಿರುವಲ್ಲ, ಹೆಚ್ಚುಕಮ್ಮಿ ಹಿಂದಕ್ಕೇ ಮಡಚಿದ ಹಾಗಿದೆ. ಅಪ್ಪ ಕೇಳಿದ್ದು ಸರಿಯಾಗಿಯೇ ಇತ್ತು, ಅಷ್ಟುದ್ದದ ಗಾಡಿಯನ್ನು ಅಲ್ಲಿ ತೀರಾ ನಿಧಾನ ಮಾಡದೆ ತಿರುಗಿಸಲು ಆಗುವುದಿಲ್ಲ. ತಿರುಗಿ ಸ್ವಲ್ಪ ಮುಂದೆ ಹೋಗುವಷ್ಟರಲ್ಲಿ ಸದ್ದು. ಆಗ ಗಾಡಿಯ ಸರಾಸರಿ ವೇಗ ಗಂಟೆಗೆ 11.2 ಮೈಲಿ ಅಂತ, ಕೊಲೆಯ ತನಿಖೆ ಮಾಡಿದ ವಾರನ್ ಆಯೋಗ ಲೆಕ್ಕ ಹಾಕಿತು. ನಮ್ಮ ಲೆಕ್ಕದಲ್ಲಿ 18 ಕಿಲೋಮೀಟರ್. ಮೊದಲನೇ ಸದ್ದು ಪೊಲೀಸ್ ಬೈಕಿನ ಸೈಲೆನ್ಸರ್ ಹೊಡೆದಿದ್ದು ಅಂದುಕೊಂಡೆ ಅಂತ ಗ್ರೀರ್ ಸಾಕ್ಷಿ ಹೇಳಿದರು. ಹಿಂದೆ ತಿರುಗಿ ನೋಡಿದರು. ಆ ಕ್ಷಣ ಗಾಡಿ ವೇಗ ಕಳೆದುಕೊಂಡಿತು. ಆಮೇಲೆ ಆಕ್ಸಿಲರೇಟರ್ ಒತ್ತಿ ಪಾರ್ಕ್‌ಲ್ಯಾಂಡ್ ಆಸ್ಪತ್ರೆಗೆ ಓಡಿಸಿದರು.

ಆ ಒಂದೆರಡು ಸೆಕೆಂಡಿನ ಬಗ್ಗೆ ಇವತ್ತಿಗೂ ಬೈಯುವವರಿದ್ದಾರೆ. ಅವರೇ ಕೊಂದರು ಅನ್ನುವ ಕೆಟ್ಟ ಸುಳ್ಳನ್ನೂ ಹಬ್ಬಿಸಿದ್ದಾರೆ. ಗುಂಡು ಬಿದ್ದ ಆ ಕ್ಷಣದ ವಿಡಿಯೋ ಮತ್ತೆ ನೋಡಲು ನನಗೆ ಮನಸ್ಸಾಗಲಿಲ್ಲ. ಹಿಂದೆ ಏನೋ ಸದ್ದಾದರೆ ಒಳ್ಳೇ ಡ್ರೈವರ್ ಮೊದಲು ಮಾಡುವುದೇನು? ಆಕ್ಸಿಲರೇಟರ್‌ನಿಂದ ಕಾಲು ತೆಗೆಯುತ್ತಾನೆ. ಹಿಂದೆ ಕೂತವರಿಗೆ ಏನಾಯಿತು ಅಂತ ನೋಡುತ್ತಾನೆ. ವರ್ಷಗಟ್ಟಲೆ ಕಾಲಿಗೆ ಕಲಿಸಿದ್ದು ಅದನ್ನೇ.

ಅಪ್ಪ ಅಮ್ಮ ಊರಿಗೆ ಹೋಗಿ ತಿಂಗಳಾಗಿತ್ತು. ಭಾನುವಾರ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅಪ್ಪ ಗ್ರೀರ್ ಹೆಸರನ್ನು ಎರಡು ಸಲ ಹೇಳಿಸಿಕೊಂಡರು. ‘ಆಮೇಲೆ ಕೆಲಸದಲ್ಲಿ ಇಟ್ಕೊಂಡ್ರಾ?’ ಅಂದರು.

ಇಟ್ಟುಕೊಂಡರು, ಮೂರು ವರ್ಷ ಇದ್ದರು, 1966ರಲ್ಲಿ ಅವರೇ ಬಿಟ್ಟರು ಅಂದೆ. ಹೊಟ್ಟೆಯಲ್ಲಿ ಅಲ್ಸರ್ ಇತ್ತು, ಆ ಘಟನೆ ಆದ ಮೇಲೆ ಜಾಸ್ತಿಯಾಯಿತು. 1985ರಲ್ಲಿ ತೀರಿಕೊಂಡರು.

ಅಪ್ಪನಿಗೂ ಅಲ್ಸರ್ ಇದೆ, ಸರ್ವೀಸಿನಲ್ಲಿದ್ದಾಗಿನಿಂದ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅಮ್ಮನಿಗೆ, ‘ಆ ಕೆನಡಿ ಗಾಡಿ ಡ್ರೈವರ್‌ಗೂ ಹೊಟ್ಟೆ ನೋವಿತ್ತಂತೆ ಕಣೇ’ ಅಂತ ಹೇಳುತ್ತಿದ್ದುದು ಕೇಳಿಸಿತು.